ಬರೆದ ಅಶ್ವಶಕ್ತಿ, ಅಳೆದ ಅಶ್ವಶಕ್ತಿ

ಯಂತ್ರದ ಬಲವನ್ನು ಕುದುರೆಗಳ ಲೆಕ್ಕದಲ್ಲಿ ಹೇಳುವ ವಾಡಿಕೆಯು ಈಗ ಹಳ್ಳಿಹಳ್ಳಿಗೂ ಹಬ್ಬಿರುವುದಷ್ಟೆ. ನಿಡುಗಲ್ ಸೀಮೆಯ ರೈತನು ಕುದುರೆಯನ್ನು ಸಾಕಿದವನಲ್ಲ. ಆದರೂ ಕೊಳವೆಬಾವಿಯ ಬಳಿ ನಿಂತು 'ಎಷ್ಟು ಎಚ್.ಪಿ.?' ಎಂದು ಕೇಳದೆ ಬಿಡುವುದಿಲ್ಲ. ಪೇಟೆಯ ತರುಣನು ಹೊಸ ಕಾರಿನ ಮುಂದೆ ನಿಂತು ಅದೇ ಪ್ರಶ್ನೆಯನ್ನು ಕೇಳುತ್ತಾನೆ. ಇಬ್ಬರಿಗೂ ದೊರೆಯುವ ಉತ್ತರವು ಒಂದು ಅಂಕಿ. ಆ ಅಂಕಿಯನ್ನು ಯಾರು, ಎಲ್ಲಿ, ಹೇಗೆ ಅಳೆದರೆಂಬುದನ್ನು ಮಾತ್ರ ಇಬ್ಬರೂ ವಿಚಾರಿಸುವುದಿಲ್ಲ. ನಾವೂ ಬಹುಕಾಲ ವಿಚಾರಿಸಲಿಲ್ಲ. ಅದರಿಂದ ಒಂದು ಬೇಸಗೆಯಲ್ಲಿ ನಮಗೂ ನೆರೆಹೊರೆಯವರಿಗೂ ಉಂಟಾದ ನಷ್ಟವನ್ನು ಮುಂದೆ ಹೇಳುವೆವು.

ಈ ಅಳತೆಯು ಹುಟ್ಟಿದುದೇ ವ್ಯಾಪಾರದ ಅಂಗಳದಲ್ಲಿ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಜೇಮ್ಸ್ ವಾಟ್ ಎಂಬಾತನು ತನ್ನ ಹಬೆಯಂತ್ರವನ್ನು ಮಾರಬೇಕಾಗಿದ್ದಿತು. ಕೊಳ್ಳುವವರು ಆವರೆಗೆ ಕುದುರೆಗಳಿಂದ ಕೆಲಸ ಮಾಡಿಸುತ್ತಿದ್ದವರು. ಆದುದರಿಂದ ತನ್ನ ಯಂತ್ರವು ಎಷ್ಟು ಕುದುರೆಗಳಿಗೆ ಸಮವೆಂದು ಅವನು ಹೇಳಬೇಕಾಯಿತು. 33,000 ಪೌಂಡು ತೂಕವನ್ನು ಒಂದು ನಿಮಿಷದಲ್ಲಿ ಒಂದಡಿ ಎತ್ತುವ ಬಲವೇ ಒಂದು ಅಶ್ವಶಕ್ತಿಯೆಂದು ಗೊತ್ತುಮಾಡಿದನು. ಇದು 746 ವಾಟ್‌ಗಳಿಗೆ ಸಮ. ಸಾಮಾನ್ಯವಾದ ಕುದುರೆಯು ದಿನವೆಲ್ಲ ಇಷ್ಟು ದುಡಿಯಲಾರದು. ಯೂರೋಪಿನ ಮೆಟ್ರಿಕ್ ಕುದುರೆಯಾದರೋ ಇನ್ನೂ ಸ್ವಲ್ಪ ಬಡಕಲು. ಸೆಕೆಂಡಿಗೆ 75 ಕಿಲೋಗ್ರಾಂ ತೂಕವನ್ನು ಒಂದು ಮೀಟರ್ ಎತ್ತುವ ಅದು 735.5 ವಾಟ್‌ಗಳಷ್ಟೆ. ಕಾರುಗಳ ಜಾಹೀರಾತಿನಲ್ಲಿ 'ಪಿ.ಎಸ್.' ಎಂದು ಬರೆಯುವುದು ಈ ಎರಡನೆಯ ಕುದುರೆಯನ್ನು. ದಾರಿಯನ್ನು ವ್ಯಾಪಿಸುವುದೇ ಅಶ್ವವೆಂದು ನಿರುಕ್ತಕಾರರು ನಿರ್ವಚನ ಮಾಡಿರುವರು. ಬಾವಿಯೊಳಗೆ ಕಟ್ಟಿಹಾಕಿದ ನಮ್ಮ ಕುದುರೆಗೆ ಅದು ಹೇಗೆ ಹೊಂದುವುದೋ ನಾವರಿಯೆವು.

ಕಾರಿನ ಮಾತು ಬಂದುದರಿಂದ ಅದನ್ನೇ ಮೊದಲು ಮುಗಿಸುವೆವು. ನಮ್ಮ ತಮ್ಮನ ಮಗನು ಬೆಂಗಳೂರಿನಿಂದ 150 ಪಿ.ಎಸ್.ನ ಟರ್ಬೋ ಕಾರೊಂದನ್ನು ಕೊಂಡು ತಂದನು. ಟರ್ಬೋ ಎಂಬುದು ಕಮ್ಮಾರನ ತಿದಿಯ ಬಂಧುವೆನ್ನಬಹುದು: ಎಂಜಿನಿನಿಂದ ಹೊರಬೀಳುವ ಹೊಗೆಯ ವೇಗದಿಂದ ಒಂದು ಚಕ್ರವು ತಿರುಗಿ, ಅದು ಮತ್ತೊಂದು ಚಕ್ರವನ್ನು ತಿರುಗಿಸಿ, ಹೊರಗಾಳಿಯನ್ನು ಒತ್ತಿ ಎಂಜಿನಿನೊಳಕ್ಕೆ ತುಂಬುವುದು. ಗಾಳಿ ಹೆಚ್ಚಿದರೆ ಇಂಧನವೂ ಹೆಚ್ಚಾಗಿ ಉರಿಯುವುದು. ಸಣ್ಣ ಎಂಜಿನಿನಿಂದ ದೊಡ್ಡ ಬಲವು ಬರುವುದು. 'ದೊಡ್ಡಪ್ಪ, ಉರುಳೆಗಳ ಮೇಲೆ ನಿಲ್ಲಿಸಿ ಅಳೆಸಿದೆ. ಚಕ್ರದಲ್ಲೇ 150 ತೋರಿಸಿತು. ಕಂಪೆನಿಯವರು ಕಡಮೆ ಬರೆದಿದ್ದಾರೆ!' ಎಂದು ಅವನು ಹಿಗ್ಗಿದನು.

ಕಡಮೆ ಬರೆಯುವುದೂ ಲೋಕದಲ್ಲಿ ಉಂಟು. ಜಪಾನಿನ ಕಾರು ತಯಾರಕರು 1989ರಿಂದ 2004ರವರೆಗೆ 280 ಪಿ.ಎಸ್.ಗಿಂತ ಹೆಚ್ಚಾಗಿ ಜಾಹೀರು ಮಾಡಬಾರದೆಂದು ತಮ್ಮೊಳಗೆ ಒಪ್ಪಿಕೊಂಡಿದ್ದರು. ನಿಸಾನ್ ಸ್ಕೈಲೈನ್ ಜಿ.ಟಿ.-ಆರ್. ಎಂಬ ಟರ್ಬೋ ಗಾಡಿಗೂ ಅಷ್ಟನ್ನೇ ಬರೆದರು. ಅಳೆದವರಿಗೆ ಅದು ಮುನ್ನೂರನ್ನು ದಾಟುತ್ತಿದ್ದುದು ಪ್ರಸಿದ್ಧವಾಗಿದೆ. ಹೆಚ್ಚು ಬರೆದು ಸಿಕ್ಕಿಕೊಂಡವರೂ ಉಂಟು. 2001ರ ಮಿಯಾಟಾ ಕಾರಿಗೆ ಮಾಜ್ದಾ ಕಂಪೆನಿಯವರು ಅಮೆರಿಕದಲ್ಲಿ 155 ಎಂದು ಸಾರಿ, ಆಮೇಲೆ 142 ಎಂದು ತಿದ್ದಿಕೊಂಡು, ಬೇಡವೆಂದವರಿಂದ ಗಾಡಿಯನ್ನು ಹಿಂದಕ್ಕೆ ಕೊಳ್ಳಲು ಮುಂದೆ ಬಂದರು. ಅದೇ ದೇಶದಲ್ಲಿ 1971ರವರೆಗೂ ಎಂಜಿನನ್ನು ಗಾಡಿಯಿಂದ ಬೇರೆಯಾಗಿಟ್ಟು, ಅದರ ಹೊರೆಗಳನ್ನೆಲ್ಲ ಕಳಚಿ ಅಳೆದ ಅಂಕಿಯನ್ನು ಬರೆಯುವುದು ರೂಢಿಯಾಗಿದ್ದಿತು. ಮರುವರ್ಷ ಹೊರೆಗಳ ಸಹಿತ ಅಳೆಯತೊಡಗಿದಾಗ, ಎಂಜಿನು ಹಾಗೆಯೇ ಇದ್ದರೂ ಅಂಕಿಯು ಕುಸಿಯಿತು.

ಆದರೆ ನಮ್ಮ ಹುಡುಗನ ಸಂತೋಷದಲ್ಲಿ ಒಂದು ದೋಷವಿದ್ದಿತು. ಕಂಪೆನಿಯವರು ಬರೆಯುವುದು ಎಂಜಿನಿನ ದಂಡದಲ್ಲಿ ದೊರೆಯುವ ಬಲ. ಗೇರು, ದಂಡ, ಟೈರುಗಳಲ್ಲಿ ಸ್ವಲ್ಪ ಸವೆದು, ಚಕ್ರಕ್ಕೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಪಾಲು ಕಡಮೆಯಾಗಿ ತಲಪುವುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ 3,000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿಯ ಗಾಳಿಯ ಒತ್ತಡವು ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಸಾಧಾರಣ ಎಂಜಿನಿಗೆ ಅಷ್ಟು ಬಲವು ಕುಗ್ಗುವುದೆಂದು ಅಳೆಯುವ ಯಂತ್ರವು ಆ ಪಾಲನ್ನು ತಾನೇ ಕೂಡಿಸಿ ಹೇಳುವುದುಂಟು. ಟರ್ಬೋ ಎಂಜಿನು ತನ್ನ ತಿದಿಯಿಂದ ಆ ಕೊರತೆಯನ್ನು ಬಹುಮಟ್ಟಿಗೆ ಆಗಲೇ ತುಂಬಿಕೊಂಡಿರುವುದು. ಅದಕ್ಕೆ ಮತ್ತೆ ಕೂಡಿಸಿದರೆ ಇಲ್ಲದ ಕುದುರೆಗಳು ಹುಟ್ಟುವುವು. 'ತಿದ್ದುಪಡಿಯನ್ನು ತೆಗೆದು ಹೇಳುವಂತೆ ಕೇಳಿದೆಯಾ?' ಎಂದೆವು. ಕೇಳಿರಲಿಲ್ಲ. ಫಲಕದ ಅಂಕಿಯು ಶಬ್ದಪ್ರಮಾಣ, ಅಳತೆಯು ಪ್ರತ್ಯಕ್ಷಪ್ರಮಾಣವೆಂದು ನಾವು ಹೇಳಬಹುದು. ಪ್ರತ್ಯಕ್ಷದಲ್ಲಿಯೂ ಭ್ರಮೆಗೆ ಅವಕಾಶವಿರುವುದೆಂದು ತರ್ಕಶಾಸ್ತ್ರವು ಒಪ್ಪಿಯೇ ಇದೆ.

ಕಾರಿನಲ್ಲಿ ಹತ್ತು ಕುದುರೆ ಹೆಚ್ಚುಕಡಮೆಯಾದರೆ ಹರಟೆಗೆ ವಿಷಯವಾದೀತಲ್ಲದೆ ಸಂಸಾರಕ್ಕೆ ಹಾನಿಯಿಲ್ಲ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹೊಲಗಳಲ್ಲಿ ಹಾಗಲ್ಲ. ನಮ್ಮ ಬಾಲ್ಯದಲ್ಲಿ ಅಲ್ಲಲ್ಲಿ ಕಪಿಲೆಗಳಿನ್ನೂ ಇದ್ದುವು. ಎತ್ತಿನ ಜೋಡಿಯ ಬಲವನ್ನು ಫಲಕದಲ್ಲಿ ಓದಬೇಕಾಗಿರಲಿಲ್ಲ. ತೊಟ್ಟಿಗೆ ಬಿದ್ದ ನೀರನ್ನು ನೋಡಿದರಾಗುತ್ತಿದ್ದಿತು. ಈಗ ಕಲ್ಲುಬಂಡೆಯ ಬಿರುಕುಗಳಲ್ಲಿ ಆರುನೂರು ಅಡಿ, ಸಾವಿರ ಅಡಿ ಇಳಿದು ನೀರನ್ನು ಹುಡುಕಬೇಕಾಗಿದೆ. ಮೋಟಾರು ಪಾತಾಳದಲ್ಲಿರುವುದು, ಮೇಲೆ ನಮಗೆ ಕಾಣುವುದು ಬರೆದ ಅಂಕಿಯೊಂದೆ.

ಆ ಅಂಕಿಯನ್ನು ಕಾರಿನವರು ಹಿಗ್ಗಿಸಿದರೆ ನಮ್ಮಲ್ಲಿ ಕುಗ್ಗಿಸುವರು. ಕಾರಣವು ಸ್ಪಷ್ಟವಾಗಿಯೇ ಇದೆ. ಮೀಟರಿಲ್ಲದ ಪಂಪ್‌ಸೆಟ್ಟುಗಳಿಗೆ ಪೂರ್ವದಲ್ಲಿ ಅಶ್ವಶಕ್ತಿಯೊಂದಕ್ಕೆ ಇಷ್ಟು ರೂಪಾಯಿಯೆಂದು ದರವಿದ್ದಿತು. 2008ರಲ್ಲಿ ಕರ್ನಾಟಕ ಸರಕಾರವು 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತನ್ನು ಉಚಿತವಾಗಿಸಿತು. ಆಗ 10 ಎಂಬುದೇ ಒಂದು ಗಡಿಯಾಯಿತು. ಅದಲ್ಲದೆ ಪ್ರತಿಯೊಂದು ಸಂಪರ್ಕಕ್ಕೂ ಮಂಜೂರಾದ ಬಲವೊಂದು ಇದ್ದೇ ಇರುವುದು. ಅಂಕಿಯು ಚಿಕ್ಕದಾದಷ್ಟೂ ಲಾಭವೆಂದ ಮೇಲೆ, ದೊಡ್ಡ ಮೋಟಾರಿಗೆ ಚಿಕ್ಕ ಫಲಕವು ಬಂದುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ತೋಟದ ಸಂಪರ್ಕವು 5 ಅಶ್ವಶಕ್ತಿಯದು. ನೀರು ಕೆಳಗಿಳಿದಾಗ ಹಳೆಯ ಮೋಟಾರು ಸೋತಿತು. ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವನು ಒಂದು ಮೋಟಾರನ್ನು ತೋರಿಸಿ, 'ಇದು ಏಳೂವರೆ, ಮೇಷ್ಟ್ರೇ. ಫಲಕದಲ್ಲಿ ಎಷ್ಟು ಇರಬೇಕು?' ಎಂದನು. ನಲವತ್ತು ವರ್ಷ ಮಕ್ಕಳಿಗೆ 'ಸತ್ಯಂ ವದ' ಎಂದು ಹೇಳಿಕೊಟ್ಟ ನಾವು ಒಂದು ಕ್ಷಣ ಸುಮ್ಮನಿದ್ದು, 'ಐದು' ಎಂದೆವು.

ಈಗ ಲೆಕ್ಕವನ್ನು ನೋಡಿರಿ. ನಿಜವಾದ 5 ಅಶ್ವಶಕ್ತಿಯ ಕೊಳವೆಬಾವಿ ಮೋಟಾರು ವಿದ್ಯುತ್ ಪರಿವರ್ತಕದ ಮೇಲೆ ಹೊರಿಸುವ ಹೊರೆಯು ಸುಮಾರು 6 ಕೆ.ವಿ.ಎ. ನಮ್ಮ ಬದಿಯ ಪರಿವರ್ತಕವು, ಹಳ್ಳಿಯವರ ಬಾಯಲ್ಲಿ 'ಟಿ.ಸಿ.'ಯು, 63 ಕೆ.ವಿ.ಎ.ಯದು. ಅದಕ್ಕೆ ಹತ್ತು ಪಂಪುಗಳು. 60 ಆಯಿತು, ಸರಿಹೋಯಿತು. ಆದರೆ ಏಳೂವರೆಯ ಮೋಟಾರು ಕೇಳುವುದು ಸುಮಾರು 9. ಹತ್ತೂ ಮಂದಿ ನಮ್ಮಂತೆಯೇ ಮಾಡಿದ್ದರೆ ಹೊರೆಯು 90! ಹತ್ತೂ ಮಂದಿ ಅಲ್ಲದಿದ್ದರೂ ಬಹುಮಂದಿ ಹಾಗೆಯೇ ಮಾಡಿದ್ದರೆಂಬುದು ಆಮೇಲೆ ತಿಳಿದುಬಂದಿತು. ಹೊರೆ ಹೆಚ್ಚಿದಂತೆ ವೋಲ್ಟೇಜು ಇಳಿಯುವುದು. ಇಳಿದರೆ ಮೋಟಾರುಗಳು ಇನ್ನೂ ಹೆಚ್ಚು ಪ್ರವಾಹವನ್ನು ಎಳೆಯುವುವು. ಸುರುಳಿಗಳು ಕಾದು ಸುಡುವುವು. ಆ ಬೇಸಗೆಯಲ್ಲಿ ಮೊದಲು ಎರಡು ಮೋಟಾರುಗಳು ಸುಟ್ಟುವು. ಒಂದು ಮಧ್ಯಾಹ್ನ ಟಿ.ಸಿ.ಯೇ ಸುಟ್ಟಿತು. ಬೇರೊಂದು ಬರುವಷ್ಟರಲ್ಲಿ ಪಕ್ಕದ ಹೊಲದ ಸೇವಂತಿಗೆಯ ಮಡಿಗಳು ಒಣಗಿಹೋದುವು. ಆ ಮಡಿಗಳ ಒಡೆಯನ ಮೋಟಾರು ಮಾತ್ರ ಬರೆದಂತೆಯೇ ನಿಜವಾಗಿ ಐದರದಾಗಿದ್ದಿತು. ಅವನು ನಮ್ಮ ಹಳೆಯ ವಿದ್ಯಾರ್ಥಿ. ನಮ್ಮನ್ನು ಏನೂ ಕೇಳಲಿಲ್ಲ.

ಹೊಸ ಟಿ.ಸಿ.ಯನ್ನು ಕೂಡಿಸಿದ ದಿನ ಲೈನ್‌ಮನ್ನನು ಟಾಂಗ್ ಟೆಸ್ಟರನ್ನು ನಮ್ಮ ತಂತಿಗೆ ಹಿಡಿದಾಗ ಅದು ಹನ್ನೆರಡೂವರೆ ಆಂಪೇರ್ ತೋರಿಸಿತು. ಐದರ ಮೋಟಾರಿಗೆ 415 ವೋಲ್ಟಿನಲ್ಲಿ ಎಂಟು, ಎಂಟೂವರೆ ಸಾಕು. ಅಶ್ವಶಕ್ತಿಯೊಂದಕ್ಕೆ ಸುಮಾರು ಒಂದೂ ಮುಕ್ಕಾಲು ಆಂಪೇರ್‌ಗಿಂತ ಹೆಚ್ಚಾದರೆ ಫಲಕವನ್ನು ಸಂದೇಹಿಸಬಹುದು; ಆದರೆ ವೋಲ್ಟೇಜನ್ನೂ ಜೊತೆಗೇ ನೋಡತಕ್ಕದ್ದು, ಏಕೆಂದರೆ ಅದು ಇಳಿದಿದ್ದರೆ ಪ್ರಾಮಾಣಿಕವಾದ ಮೋಟಾರೂ ಹೆಚ್ಚು ತೋರಿಸುವುದು. ಈ ಪರೀಕ್ಷೆಯನ್ನು ಬಲ್ಲವರಿಂದಲೇ ಮಾಡಿಸಬೇಕು. ಮನೆಯ ಮಕ್ಕಳು ತಂತಿಯನ್ನು ಮುಟ್ಟಕೂಡದು.

ಮನೆಯವರೇ ಮಾಡಬಹುದಾದ ಪರೀಕ್ಷೆಯೊಂದಿದೆ. 200 ಲೀಟರಿನ ಪೀಪಾಯಿಯೊಂದನ್ನು ಪೈಪಿನ ಬಾಯಿಗಿಟ್ಟು, ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಬೇಕು. ನಮ್ಮಲ್ಲಿ 160 ಹಿಡಿಯಿತು. ಎಂದರೆ ಸೆಕೆಂಡಿಗೆ ಒಂದೂಕಾಲು ಲೀಟರು. ಅದನ್ನು ನೀರು ಮೇಲೇರುವ ಎತ್ತರದಿಂದ ಗುಣಿಸಿ 75ರಿಂದ ಭಾಗಿಸಿದರೆ ಆ ನೀರಿನ ಅಶ್ವಶಕ್ತಿಯು ಬರುವುದು. ಪಂಪು ನಡೆಯುವಾಗ ನಮ್ಮ ಬಾವಿಯ ನೀರು ನಿಲ್ಲುವ ಆಳವು 180 ಮೀಟರು. ಲೆಕ್ಕ ಹಾಕಿದಾಗ ಬಂದುದು ಮೂರು! ಫಲಕವು ಹೇಳಿದುದು ಐದು. ಮೋಟಾರಿನ ದಂಡದಲ್ಲಿ ಏಳೂವರೆ. ತಂತಿಯಿಂದ ಅದು ಉಂಡುದು ಸುಮಾರು ಒಂಬತ್ತೂವರೆ. ತೊಟ್ಟಿಗೆ ಬಂದುದು ಮೂರು. ನಡುವೆ ಹೋದುದೆಲ್ಲ ಸುರುಳಿಯ ಕಾವಿಗೆ, ಸವೆದ ಪಂಪಿಗೆ ಮತ್ತು ಕಿರಿದಾದ ಪೈಪಿನ ತಿಕ್ಕಾಟಕ್ಕೆ. ಪಂಪಿನ ಹಂತಗಳನ್ನು ಬಾವಿಯ ಆಳಕ್ಕೆ ತಕ್ಕಂತೆ ಆರಿಸಿ, ಪೈಪನ್ನು ಸ್ವಲ್ಪ ಅಗಲವಾಗಿ ಹಾಕಿದ್ದರೆ, ಚಿಕ್ಕ ಮೋಟಾರಿನಿಂದಲೇ ಇಷ್ಟು ನೀರು ಬರುತ್ತಿದ್ದಿತೆಂಬುದು ನಮಗೆ ಆಗ ಹೊಳೆಯಿತು.

ಮರುದಿನವೇ ಕಛೇರಿಗೆ ಹೋಗಿ ಮಂಜೂರಾತಿಯನ್ನು ಏಳೂವರೆಗೆ ಏರಿಸಲು ಅರ್ಜಿ ಕೊಟ್ಟು, ಠೇವಣಿಯನ್ನು ಕಟ್ಟಿದೆವು. ಗುಮಾಸ್ತನು, 'ಯಾರೂ ಕೇಳಿರಲಿಲ್ಲವಲ್ಲ ಸ್ವಾಮಿ, ನೀವಾಗಿ ಏಕೆ ಬಂದಿರಿ?' ಎಂದು ನಮ್ಮ ಮುಖವನ್ನೇ ನೋಡಿದನು. ಪೀಪಾಯಿಯು ಈಗ ನಮ್ಮಲ್ಲಿಲ್ಲ. ಸೇವಂತಿಗೆಯ ಹುಡುಗನು ತನ್ನ ಐದರ ಮೋಟಾರನ್ನು ಅಳೆಯಬೇಕೆಂದು ಹೋದ ವಾರ ಒಯ್ದಿದ್ದಾನೆ. ಅಲ್ಲಿ ಅದು ತುಂಬಲು ಹಿಡಿದುದು 150 ಸೆಕೆಂಡು.