ಸೊನ್ನೆಯ ಎರಡರಷ್ಟು ಎಷ್ಟು?

ಅಕ್ಟೋಬರ್ 26, ಭಾನುವಾರ. ಭಾಯಿಜಾನ್ ಮತ್ತು ನಾನು ತ್ಯಾವರೆಕೊಪ್ಪದಿಂದ ಸಾಗರ ರಸ್ತೆಯ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ನವುಲೆ ಸ್ಟೇಡಿಯಂಗೆ ಹೋದೆವು. (ನಮ್ಮ ಊರಿನ ಹೆಸರು ಹೇಳಿದರೆ ಎಲ್ಲರೂ ಹುಲಿ, ಸಿಂಹದ ಬಗ್ಗೆಯೇ ಕೇಳುತ್ತಾರೆ. ಈ ಸಲ ಕ್ರಿಕೆಟ್ ಬಗ್ಗೆ ಬರೆಯುತ್ತೇನೆ.) ಕರ್ನಾಟಕ ಮತ್ತು ಗೋವಾ ನಡುವಿನ ರಣಜಿ ಪಂದ್ಯ. ಹಿಂದಿನ ಸಂಜೆ 86 ರನ್ ಮಾಡಿ ಉಳಿದಿದ್ದ ಕರುಣ್ ನಾಯರ್ ಅಂದು 174ಕ್ಕೆ ಮುಟ್ಟಿದರು. ತಂಡ 371ಕ್ಕೆ ಆಲೌಟ್ ಆಯಿತು, ಅವರು ಮಾತ್ರ ಔಟಾಗಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಭಾಯಿಜಾನ್ ಸುಮ್ಮನೆ ಕೂತಿದ್ದರು. "ಇದನ್ನೇ ಏಪ್ರಿಲ್‌ನಲ್ಲಿ ಹೊಡೆಯಬಾರದಿತ್ತಾ?" ಎಂದರು.

ಏಪ್ರಿಲ್ ವಿಷಯ ಹೇಳಬೇಕು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

2024ರ ಹರಾಜಿನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ಕರುಣ್ ಅವರನ್ನು 50 ಲಕ್ಷಕ್ಕೆ ಕೊಂಡಿತ್ತು. 2025ರ ಏಪ್ರಿಲ್ 13ರಂದು ಮುಂಬೈ ವಿರುದ್ಧ ಇಂಪ್ಯಾಕ್ಟ್ ಆಟಗಾರನಾಗಿ ಬಂದು 40 ಎಸೆತಗಳಲ್ಲಿ 89 ಹೊಡೆದರು. ಮೂರೇ ದಿನಕ್ಕೆ ರಾಜಸ್ಥಾನದ ಜೊತೆ ಪಂದ್ಯ. ಭಾಯಿಜಾನ್ ಮೊಬೈಲಿನ ಒಂದು ಫ್ಯಾಂಟಸಿ ಆಟದಲ್ಲಿ ದುಡ್ಡು ಕಟ್ಟಿ ಅವರನ್ನೇ ನಾಯಕನನ್ನಾಗಿ ಮಾಡಿದರು. ಫ್ಯಾಂಟಸಿಯಲ್ಲಿ ನಾಯಕನ ಅಂಕ ಎರಡರಷ್ಟು. ಕರುಣ್ ಸೊನ್ನೆಗೆ ರನೌಟ್. ಸೊನ್ನೆಯ ಎರಡರಷ್ಟು ಎಷ್ಟೆಂದು ಕಾಮರ್ಸ್ ಓದದವರಿಗೂ ಗೊತ್ತು.

ತಪ್ಪು ಕರುಣ್ ಅವರದ್ದಲ್ಲ, ನಮ್ಮ ಲೆಕ್ಕದ್ದು. ಆ ಐಪಿಎಲ್‌ನಲ್ಲಿ ಅವರ ಒಟ್ಟು ರನ್ 198, ಅದರಲ್ಲಿ 89 ಒಂದೇ ದಿನದ್ದು. ಉಳಿದ ಏಳು ಇನಿಂಗ್ಸ್‌ಗೆ 109. ಒಂದು ದಿನದ ವ್ಯಾಪಾರ ನೋಡಿ ಅಂಗಡಿಗೆ ಬೆಲೆ ಕಟ್ಟಿದ ಹಾಗಾಯಿತು ನಮ್ಮದು. 50 ಲಕ್ಷವನ್ನು 198ರಿಂದ ಭಾಗಿಸಿದರೆ ರನ್ನೊಂದಕ್ಕೆ ಸುಮಾರು 25,252 ರೂಪಾಯಿ. ತಂಡಕ್ಕೆ ಲಾಭವೋ ನಷ್ಟವೋ ನೀವೇ ಹೇಳಿ.

ಇನ್ನು ಸರಾಸರಿ. ನನ್ನ ಸ್ನೇಹಿತರು ಹೆಚ್ಚು ಮೋಸಹೋಗುವುದು ಇಲ್ಲೇ. 2024–25ರ ವಿಜಯ್ ಹಜಾರೆ ಟೂರ್ನಿಯಲ್ಲಿ ವಿದರ್ಭದ ಪರ ಕರುಣ್ ಐದು ಶತಕಗಳೊಂದಿಗೆ 779 ರನ್ ಮಾಡಿದರು, ಸರಾಸರಿ 389.50! ನೂರೂ ದಾಟದ ದಿನಗಳಿರುವಾಗ 389 ಹೇಗೆ? ಸರಾಸರಿಗೆ ರನ್ನನ್ನು ಇನಿಂಗ್ಸ್‌ನಿಂದ ಭಾಗಿಸುವುದಿಲ್ಲ, ಎಷ್ಟು ಸಲ ಔಟಾದರು ಎಂಬುದರಿಂದ ಭಾಗಿಸುತ್ತಾರೆ. ಫೈನಲ್‌ಗೆ ಮೊದಲು ಅವರು ಔಟಾಗಿದ್ದು ಒಂದೇ ಸಲ, ಆಗ ಸರಾಸರಿ 752. ಫೈನಲ್‌ನಲ್ಲಿ ನಮ್ಮ ಪ್ರಸಿದ್ಧ್ ಕೃಷ್ಣ 27ಕ್ಕೆ ಬೌಲ್ಡ್ ಮಾಡಿದರು. ಒಂದು ವಿಕೆಟ್‌ಗೆ ಸರಾಸರಿ ಅರ್ಧಕ್ಕೆ ಇಳಿಯಿತು. ಎಂಟು ಇನಿಂಗ್ಸ್‌ನಿಂದ ಭಾಗಿಸಿದರೆ ಬರುವುದು ಸುಮಾರು 97. ಅದೂ ದೊಡ್ಡದೇ, ಆದರೆ ಫ್ಯಾಂಟಸಿ ತಂಡ ಕಟ್ಟುವವನಿಗೆ ಬೇಕಾದದ್ದು ಈ ಎರಡನೇ ಸಂಖ್ಯೆ. ಅಂಕ ಸಿಗುವುದು ರನ್‌ಗೆ, ಔಟಾಗದೆ ಉಳಿದದ್ದಕ್ಕಲ್ಲ.

ಹಿರಿಯ ಆಟಗಾರನ ಬೆಲೆ ಆಟದ ಬಗೆಯ ಮೇಲೂ ನಿಂತಿದೆ. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದಾಗ ಅದು ಅವರ ಮೂರನೇ ಟೆಸ್ಟ್ ಇನಿಂಗ್ಸ್. 2017ರ ಮಾರ್ಚ್ ನಂತರ ಟೆಸ್ಟ್ ತಂಡದಲ್ಲಿ ಆಡಲು 2025ರ ಜೂನ್‌ವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನಲ್ಲಿ ಎಂಟು ಇನಿಂಗ್ಸ್‌ಗೆ 205 ರನ್, ಒಂದೇ ಅರ್ಧಶತಕ. ಮತ್ತೆ ಹೊರಗೆ. ಆಗ ನಾನು "ಸವಕಳಿ ಶುರುವಾಯಿತು" ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ನವುಲೆಯಲ್ಲಿ ಆ ಸಾಲು ಹೊಡೆದುಹಾಕಿದೆ. 33 ವಯಸ್ಸಿನ ಬ್ಯಾಟರ್ ಯಂತ್ರವಲ್ಲ, ವರ್ಷಕ್ಕೆ ಹತ್ತು ಪರ್ಸೆಂಟ್ ಕಳೆಯುತ್ತಾ ಹೋಗಲಾಗದು. ದಿನವಿಡೀ ಸಮಯ ಕೊಟ್ಟರೆ ಅವರು ಬೇರೆಯೇ ಮನುಷ್ಯ.

ಭಾಯಿಜಾನ್ ಮೊಬೈಲಿನ ಬ್ಯಾಂಕ್ ಮೆಸೇಜ್ ನೋಡಿ ನಾನು ಲೆಡ್ಜರ್ ಬರೆದೆ. ಕಟ್ಟಿದ್ದು 6,340, ಬಂದದ್ದು 1,915. ನಷ್ಟ 4,425. ನನ್ನ ಫೀಸಿನ ಮೊದಲ ಕಂತು ಒಂದು ತಿಂಗಳು ತಡವಾದದ್ದು ಯಾಕೆಂದು ಆಗ ಗೊತ್ತಾಯಿತು. ಅಬ್ಬಾ ಮೊದಲಿಂದಲೂ ಅದನ್ನು 'ಜುವಾ' ಅಂತಲೇ ಕರೆಯುತ್ತಿದ್ದರು. ಭಾಯಿಜಾನ್ "ಇದು ಬುದ್ಧಿಯ ಆಟ" ಎಂದು ವಾದಿಸುತ್ತಿದ್ದರು. ಲೆಡ್ಜರ್ ತೋರಿಸಿದ ಮೇಲೆ ವಾದ ನಿಂತಿತು. ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಮಾಡಿತು.

ಈಗ ನಮ್ಮ ಫ್ಯಾಂಟಸಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ರನ್‌ಗೆ ಒಂದು ಅಂಕ, ನಾಯಕನಿಗೆ ಎರಡರಷ್ಟು, ಸೋತವರು ಚಹಾ ಮಾಡಬೇಕು. ನವೆಂಬರ್ ಮೊದಲ ವಾರ ಕೇರಳದ ವಿರುದ್ಧದ ಪಂದ್ಯಕ್ಕೆ ನಾನು ಕರುಣ್ ಅವರನ್ನು ನಾಯಕ ಎಂದು ಬರೆದೆ. "ನನಗೆ ಆ ಹೆಸರು ಬೇಡ" ಎಂದರು ಭಾಯಿಜಾನ್. ಕರುಣ್ 233 ಹೊಡೆದರು.

ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು.