ಪಾತ್ರವಾಗುವ ಮನಸ್ಸು

ವಿರಹದ ಪದವೊಂದನ್ನು ಅಭಿನಯಿಸುವ ಭರತನಾಟ್ಯ ಕಲಾವಿದೆ ನಾಯಿಕೆಯ ದುಃಖವನ್ನು ತಾನೂ ಅನುಭವಿಸುತ್ತಾಳೆಯೇ, ಕಲಿತ ಮುಖಭಾವ ಮತ್ತು ಹಸ್ತಮುದ್ರೆಗಳಿಂದ ಅದನ್ನು ತೋರಿಸುತ್ತಾಳಷ್ಟೆಯೇ ಎಂಬ ಪ್ರಶ್ನೆಗೆ ಬಹು ಹಳೆಯ ಇತಿಹಾಸವಿದೆ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಅಂಗಚಲನೆಯ ಆಂಗಿಕ, ಮಾತು–ಹಾಡುಗಳ ವಾಚಿಕ, ವೇಷಭೂಷಣಗಳ ಆಹಾರ್ಯ ಮತ್ತು ಮನಸ್ಸಿನಿಂದ ಮೂಡುವ ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಕಣ್ಣೀರು, ನಡುಕ, ಬೆವರು, ರೋಮಾಂಚ ಮುಂತಾದ 8 ಸಾತ್ತ್ವಿಕ ಭಾವಗಳು ಮನಸ್ಸು ಏಕಾಗ್ರವಾಗದ ಹೊರತು ಹುಟ್ಟಲಾರವು ಎನ್ನುತ್ತದೆ. ಹಾಗಾದರೆ ಅಳುವ ನರ್ತಕಿಗೆ ನಿಜವಾಗಿಯೂ ನೋವಾಗುತ್ತಿದೆಯೇ?

ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ನಾಟ್ಯಶಾಸ್ತ್ರದ ಮೇಲಿನ ತನ್ನ ವ್ಯಾಖ್ಯಾನ ‘ಅಭಿನವಭಾರತಿ’ಯಲ್ಲಿ ಇದಕ್ಕೆ ಸೂಕ್ಷ್ಮವಾದ ಉತ್ತರ ಕೊಟ್ಟಿದ್ದಾನೆ. ಕಲೆಯಿಂದ ದೊರೆಯುವ ಆಸ್ವಾದವಾದ ರಸವು ಸವಿಯುವ ಸಹೃದಯನಲ್ಲಿರುತ್ತದೆ, ನಟನು ಆ ಸವಿಗೆ ಸಾಧನ, ಆದುದರಿಂದಲೇ ನಟನಿಗೆ ‘ಪಾತ್ರ’, ಎಂದರೆ ಪಾತ್ರೆ, ಎಂಬ ಹೆಸರು ಎಂಬುದು ಅಭಿನವಗುಪ್ತನ ಮತ. ನಾಟಕದ ವ್ಯಕ್ತಿಯನ್ನೂ ನದಿ ಹರಿಯುವ ಜಾಗವನ್ನೂ ಒಂದೇ ಮಾತಿನಿಂದ ಕರೆಯುವ ಕನ್ನಡಿಗರಿಗೆ ಈ ವಿಚಾರ ಸುಲಭವಾಗಿ ಮನಸ್ಸಿಗೆ ಇಳಿಯುತ್ತದೆ.

ಪಾತ್ರವಾಗುವುದೆಂದರೆ ಭಾವಶೂನ್ಯವಾಗುವುದಲ್ಲ. ಮಂಡಿಗಳನ್ನು ಅರ್ಧ ಬಗ್ಗಿಸಿದ ಅರೆಮಂಡಿಯಲ್ಲಿ ನಿಂತು ಅಡವುಗಳನ್ನು, ಎಂದರೆ ನೃತ್ತದ ಮೂಲ ಹೆಜ್ಜೆಗಳನ್ನು, ಮೂರು ಕಾಲಗಳಲ್ಲಿ (ವೇಗಗಳಲ್ಲಿ) ವರ್ಷಗಟ್ಟಲೆ ಸಾಧನೆ ಮಾಡಿದಾಗ ತಾಳವು ದೇಹಕ್ಕೆ ಒಗ್ಗಿ, ಎಣಿಕೆಯ ಹೊರೆ ಇಳಿದ ಮನಸ್ಸಿಗೆ ಭಾವದ ಕಡೆಗೆ ತಿರುಗುವ ಬಿಡುವು ಸಿಗುತ್ತದೆ. ಹಾಡಿನ ಒಂದೇ ಸಾಲು ಮರಳಿ ಮರಳಿ ಬರುವಾಗ ಅದರ ಅರ್ಥವನ್ನು ಬೇರೆ ಬೇರೆ ಸನ್ನಿವೇಶಗಳಾಗಿ ಬೆಳೆಸುವ ‘ಸಂಚಾರಿ’ಯಲ್ಲಿ ಈ ಬಿಡುವಿನ ಫಲ ಕಾಣುತ್ತದೆ: ಅಸೂಯೆ, ಆಸೆ, ನಾಚಿಕೆಗಳು ಒಂದೇ ಮುಖದಲ್ಲಿ ಸರಿದುಹೋಗುತ್ತಿರುವಾಗಲೂ ಕಲಾವಿದೆಯ ಕಿವಿ ಮೃದಂಗವನ್ನು ಬಿಟ್ಟಿರುವುದಿಲ್ಲ. ಭಾವದಲ್ಲಿ ತೊಯ್ದೂ ಅದರಲ್ಲಿ ಕೊಚ್ಚಿಹೋಗದಿರುವ ಈ ಎಚ್ಚರವೇ ನರ್ತಕಿಯ ಅಂತರಂಗದ ವಿಶೇಷ.

ಭರತನಾಟ್ಯದ ಮೈಸೂರು ಶೈಲಿಯು ಅಭಿನಯದ ಈ ಒಳಗೆಲಸಕ್ಕೆ ಹೆಸರಾದುದು. ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ ಅರಮನೆಯಲ್ಲಿ ನರ್ತಿಸಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವನ್ನು ಬೋಧಿಸಿ, 1992ರಲ್ಲಿ ಪದ್ಮಭೂಷಣ ಪುರಸ್ಕೃತರಾದ ಕೆ. ವೆಂಕಟಲಕ್ಷಮ್ಮನವರು (1906–2002) ಆ ಪರಂಪರೆಯ ಹಿರಿಯರು. ಇಂತಹ ಹಿರಿಯರ ಮುಖದಲ್ಲಿ ಹದಿಹರೆಯದ ನಾಯಿಕೆ ಕಾಣಿಸಿಕೊಂಡಾಗ ನೋಡುವವರ ಕಣ್ಣಿಗೆ ಅವರ ನೆರೆಗೂದಲು ಅಡ್ಡಿಯಾಗದಿರುವುದಕ್ಕೆ ಕಾರಣ, ಅಲ್ಲಿರುವುದು ಒಬ್ಬರ ಸ್ವಂತ ಸುಖದುಃಖವಲ್ಲ, ಎಲ್ಲರೂ ತಮ್ಮದೆಂದು ಗುರುತಿಸಬಲ್ಲ ಭಾವ. ತನ್ನ ನೋವನ್ನು ಎಲ್ಲರ ನೋವಿನೊಂದಿಗೆ ಬೆರೆಸಿ ಹಗುರಾಗುವ ಈ ದಾರಿಯೇ ಗೆಜ್ಜೆ ಬಿಚ್ಚಿಟ್ಟ ಮೇಲೂ ನೃತ್ಯವನ್ನು ಬದುಕಿಗೆ ಬೇಕಾದುದನ್ನಾಗಿ ಮಾಡುತ್ತದೆ.