ಬಿ.ಎ. ಓದಿ ಏನ್ ಮಾಡ್ತೀಯ?

ಪಿಯು ಫಲಿತಾಂಶ ಬಂದ ವಾರ ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ಮನೆಮನೆಯಲ್ಲೂ ಒಂದೇ ಪಂಚಾಯಿತಿ. ಊರಿನ ಫಸ್ಟ್ ಗ್ರೇಡ್ ಕಾಲೇಜಿನಲ್ಲಿ ಬಿ.ಎ.ಗೆ ಸೇರ್ತೀನಿ ಅಂತ ಮಗನೋ ಮಗಳೋ ಬಾಯಿ ಬಿಟ್ಟರೆ ಸಾಕು, ಚಿಕ್ಕಪ್ಪನಿಂದ ಹಿಡಿದು ಎದುರು ಮನೆಯವರವರೆಗೆ ಎಲ್ಲರದೂ ಒಂದೇ ಮಾತು: "ಬಿ.ಎ. ಓದಿ ಏನ್ ಮಾಡ್ತೀಯ?" ಕೇಳುವವರ ಕಾಳಜಿ ಸುಳ್ಳಲ್ಲ. ಬೆಂಗಳೂರು ಕೈಯಳತೆಯಲ್ಲಿದೆ, ಅಲ್ಲಿನ ಸಂಬಳ ಕಣ್ಣಿಗೆ ಕಾಣುತ್ತದೆ. ಆದರೆ ಈ ಮಾತಿನ ಹಿಂದಿರುವ ನಂಬಿಕೆಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ, ಹಲವು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಚರಿತ್ರೆಯ ಎದುರೇ ನಿಲ್ಲುವುದಿಲ್ಲ.

ನಂಬಿಕೆ: ಬುದ್ಧಿವಂತರು ಸೈನ್ಸ್ ತಗೋತಾರೆ, ಮಾರ್ಕ್ಸ್ ಇಲ್ಲದವರು ಆರ್ಟ್ಸ್‌ಗೆ ಹೋಗ್ತಾರೆ.

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕುವ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಮೊದಲ ಪದವಿ ಯಾವುದು ಗೊತ್ತೆ? ಬಿ.ಎ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ಹೊಂದಿಸಿಕೊಂಡು, 1881ರಲ್ಲಿ ಮುಗಿಸಿದ್ದು. ಎಂಜಿನಿಯರಿಂಗ್‌ಗೆಂದು ಪುಣೆಗೆ ಹೋದದ್ದು ಆಮೇಲೆ. ಹಾಗಂತ ಅವರ ಬಿ.ಎ. ಇವತ್ತಿನ ಎಚ್‌ಇಪಿಯಂತೆ (ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಇತ್ತು ಅಂದರೆ ಅದೂ ತಪ್ಪೇ. ಆಗಿನ ಬಿ.ಎ.ಯೊಳಗೆ ಭಾಷೆಗೂ ಜಾಗವಿತ್ತು, ಗಣಿತಕ್ಕೂ ಇತ್ತು. ಇನ್ನೂ ಹಿಂದೆ ಹೋದರೆ, ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ವ್ಯಾಕರಣ, ತರ್ಕ, ರೇಖಾಗಣಿತ, ಖಗೋಳ, ಸಂಗೀತ ಎಲ್ಲವನ್ನೂ ಒಬ್ಬನೇ ವಿದ್ಯಾರ್ಥಿ ಕಲಿಯಬೇಕಿತ್ತು. ಪಿಯು ಅರ್ಜಿಯಲ್ಲಿ ನಾವು ಕಾಣುವ ಗೋಡೆ ಆಮೇಲೆ ಎದ್ದದ್ದು.

ವಿಶ್ವೇಶ್ವರಯ್ಯನವರು ಬರೆದ ಹೆಸರಾಂತ ಪುಸ್ತಕಗಳನ್ನು ನೋಡಿ. 1920ರಲ್ಲಿ ಬಂದದ್ದು ಭಾರತದ ಪುನರ್‌ರಚನೆಯ ಕುರಿತು, 1934ರಲ್ಲಿ ಬಂದದ್ದು ಯೋಜಿತ ಆರ್ಥಿಕತೆಯ ಕುರಿತು. ಅಣೆಕಟ್ಟು ಕಟ್ಟಿದವರು ಅರ್ಥಶಾಸ್ತ್ರ ಬರೆದರು. ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವನ್ನೂ ಆರಂಭಿಸಿದರು.

ಇನ್ನೊಬ್ಬರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಕಡುಬಡತನದ ಮನೆ. 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು ಸೇರಿದರು. ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದರು. ಅಪ್ಪಟ ಸೈನ್ಸ್‌ನವರು. ಆದರೆ ಬಸವನಗುಡಿಯ ನ್ಯಾಷನಲ್ ಕಾಲೇಜನ್ನು ಅವರು ಬರೀ ಲ್ಯಾಬಿನ ಕಾಲೇಜಾಗಿ ಇಡಲಿಲ್ಲ. ಅಲ್ಲಿ ನಾಟಕ ನಡೆಯಿತು, ಸಂಗೀತ ನಡೆಯಿತು, ವಾದ ನಡೆಯಿತು. 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಮ್ಮಿನಲ್ಲಿ ವಾರವಾರವೂ ಯಾರು ಬೇಕಾದರೂ ಬಂದು ಉಪನ್ಯಾಸ ಕೇಳಬಹುದಿತ್ತು, ಪ್ರಶ್ನೆ ಹಾಕಬಹುದಿತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ದೊಡ್ಡದೊಡ್ಡವರ ನಿದ್ದೆ ಕೆಡಿಸಿದರು. ಅವರ ಆತ್ಮಕಥೆ 'ಹೋರಾಟದ ಹಾದಿ' ಓದಿದವರಿಗೆ, ಆ ಮನುಷ್ಯ ಸೈನ್ಸೋ ಆರ್ಟ್ಸೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮಾರ್ಕ್ಸ್ ಕಡಿಮೆ ಬಂದವರು ಆರ್ಟ್ಸ್‌ಗೆ ಬರುತ್ತಿರುವುದು ನಿಜವೇ. ಅದು ನಾವು ಕಳಿಸುವ ರೀತಿಯ ದೋಷ, ಓದಿನ ದೋಷವಲ್ಲ.

ನಂಬಿಕೆ: ಡಿಗ್ರಿ ಈಗ ನಾಲ್ಕು ವರ್ಷ, ಅಷ್ಟು ಕಾಲ ಯಾರು ಕಾಯ್ತಾರೆ?

ಹಳೆಯ ಸುದ್ದಿ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಕರ್ನಾಟಕ 2024ರಲ್ಲಿ ಕೈಬಿಟ್ಟಿತು. ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಬಿ.ಎ. ಮತ್ತೆ ಮೂರು ವರ್ಷ.

ನಂಬಿಕೆ: ಬಿ.ಎ. ಮಾಡಿದವರಿಗೆ ಕೆಲಸ ಸಿಗಲ್ಲ.

ಇದು ಅರ್ಧ ನಿಜ, ಅದಕ್ಕೇ ಇದನ್ನು ಅಲ್ಲಗಳೆಯುವುದು ಕಷ್ಟ. ಬಿ.ಎ. ಮುಗಿಸಿದ ತಕ್ಷಣ ಕಂಪನಿಯವರು ಕಾಲೇಜಿಗೆ ಬಂದು ಕರೆದೊಯ್ಯುವುದಿಲ್ಲ. ಆದರೆ ಬಾಗಿಲುಗಳೇ ಇಲ್ಲ ಎನ್ನುವುದು ಸುಳ್ಳು. ಮೂರು ವರ್ಷದ ಕಾನೂನು ಪದವಿಗೆ ಯಾವ ಡಿಗ್ರಿಯಾದರೂ ಆಗುತ್ತದೆ. ಕೆಎಎಸ್‌ಗೂ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೂ ಹಾಗೆಯೇ. ಬಿ.ಎ. ಜೊತೆ ಬಿ.ಎಡ್. ಇದ್ದರೆ ಶಾಲೆಯ ದಾರಿ ಇದೆ.

ಐಎಎಸ್ ಪರೀಕ್ಷೆಯ ಲೆಕ್ಕವನ್ನೇ ನೋಡಿ. ಮುಖ್ಯ ಪರೀಕ್ಷೆಯಲ್ಲಿ ರ‍್ಯಾಂಕಿಗೆ ಎಣಿಸುವುದು 1,750 ಅಂಕ. ಅದರಲ್ಲಿ ಪ್ರಬಂಧಕ್ಕೆ 250, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಿಗೆ 1,000, ಐಚ್ಛಿಕ ವಿಷಯಕ್ಕೆ 500. ಚರಿತ್ರೆ, ಭೂಗೋಳ, ಸಂವಿಧಾನ, ಆರ್ಥಿಕತೆ, ನೀತಿ, ಸಮಾಜ. ಇವನ್ನು ಅರೆದು ಕುಡಿಯದೆ ಆ ಸಾವಿರ ಅಂಕಗಳ ಹತ್ತಿರ ಹೋಗಲಾಗದು. ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು. 2016ನೇ ಸಾಲಿನಲ್ಲಿ ಇಡೀ ದೇಶಕ್ಕೆ ಮೊದಲಿಗರಾದ ಪಕ್ಕದ ಕೋಲಾರ ಜಿಲ್ಲೆಯ ಕೆ.ಆರ್. ನಂದಿನಿ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಪರೀಕ್ಷೆಗೆ ಆಯ್ದುಕೊಂಡ ಐಚ್ಛಿಕ ವಿಷಯ? ಕನ್ನಡ ಸಾಹಿತ್ಯ. ಎಂಜಿನಿಯರಿಂಗ್ ಮುಗಿಸಿದ ನಮ್ಮ ಎಷ್ಟೋ ಹುಡುಗರು ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರಿನಲ್ಲಿ ದುಡ್ಡು ಕಟ್ಟಿ ಕಲಿಯುವುದು ಬಿ.ಎ. ತರಗತಿಯ ಪಾಠಗಳನ್ನೇ.

ನಂಬಿಕೆ: ಪುಸ್ತಕದ ಚರಿತ್ರೆ, ಅರ್ಥಶಾಸ್ತ್ರ ನಮ್ಮೂರಿನ ಬದುಕಿಗೆ ಬರಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಂತು ಈ ಮಾತು ಹೇಳಿ ನೋಡಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಕುಸಿಯಿತು, ಹಿಪ್ಪುನೇರಳೆ ಬೆಳೆದವರು ಬೀದಿಗಿಳಿದರು. ಎರಡು ವರ್ಷದ ಮೇಲೆ ಸುಂಕ ಶೇ 15ಕ್ಕೆ ಏರಿತು. ಹುಳು ಸಾಕುವವರ ತಪ್ಪಿಲ್ಲ, ಸೊಪ್ಪು ಕೆಟ್ಟಿರಲಿಲ್ಲ, ಮಳೆಯ ದೂರೂ ಇರಲಿಲ್ಲ. ದೆಹಲಿಯಲ್ಲಿ ಬರೆದ ಒಂದು ಸಾಲು ಸಾಕಾಯಿತು. ಹುಳುವಿಗೆ ಸೊಪ್ಪು ಹಾಕಿ ಬೆಳೆದ ಹುಡುಗಿ ಕಾಲೇಜಿನಲ್ಲಿ ಆಮದು ಸುಂಕದ ಅಧ್ಯಾಯ ಓದುವಾಗ ಅವಳಿಗೆ ಉದಾಹರಣೆ ಹುಡುಕುವ ಕೆಲಸವಿಲ್ಲ. ಅವಳ ಮನೆಯೇ ಉದಾಹರಣೆ.

ನೀರಿನದೂ ಇದೇ ಕಥೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. (ಎಚ್.ಎನ್. ಅಂದರೆ ಹೆಬ್ಬಾಳ–ನಾಗವಾರ.) ಮೂರನೇ ಹಂತದ ಶುದ್ಧೀಕರಣ ಆಗಲಿ ಎಂದು ಇಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಪಂಪು, ಪೈಪು ಎಂಜಿನಿಯರಿಗೆ ಬಿಟ್ಟದ್ದು. ಆ ನೀರು ಯಾರ ಕೆರೆಗೆ ಮೊದಲು, ಅಂತರ್ಜಲ ಕೆಟ್ಟರೆ ಹೊಣೆ ಯಾರದು, ಗ್ರಾಮಸಭೆಯ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಕೇಳಲು ರಾಜ್ಯಶಾಸ್ತ್ರ ಬೇಕು, ಕಾನೂನು ಬೇಕು, ತಪ್ಪಿಲ್ಲದೆ ಒಂದು ಮನವಿ ಬರೆಯುವ ಕೈ ಬೇಕು.

ಗೌರಿಬಿದನೂರಿನ ಹತ್ತಿರವೇ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರ್ಕಾರ ಹೇಳಿದ್ದು ಒಂದು, ಜನ ಹೇಳಿದ್ದು ಇನ್ನೊಂದು. ಎರಡನ್ನೂ ಮುಂದಿಟ್ಟುಕೊಂಡು ಯಾವುದನ್ನು ಎಷ್ಟು ನಂಬಬೇಕು ಎಂದು ತೂಗುವುದೇ ಚರಿತ್ರೆಯ ಓದು. ಮೊಬೈಲಿಗೆ ಬಂದು ಬೀಳುವ ಸುದ್ದಿಗೂ ಇದೇ ತಕ್ಕಡಿ ಬೇಕಾಗುತ್ತದೆ.

ನಂಬಿಕೆ: ಹೆಣ್ಣುಮಕ್ಕಳು ಬಿ.ಎ. ಓದೋದು ಮದುವೆವರೆಗೆ ಹೊತ್ತು ಕಳೆಯೋಕೆ.

ಇದಕ್ಕೆ ಉದ್ದ ಉತ್ತರ ಬೇಕಿಲ್ಲ. ಬೆಳಗ್ಗೆ ಹಳ್ಳಿಯಿಂದ ಬಸ್ ಹತ್ತಿ ಸಂಜೆಗೆ ಮನೆ ಸೇರುವಷ್ಟು ಹತ್ತಿರದಲ್ಲಿ ಕಾಲೇಜು ಇರುವುದರಿಂದಲೇ ಎಷ್ಟೋ ಹುಡುಗಿಯರು ಡಿಗ್ರಿ ಕಂಡಿದ್ದಾರೆ, ಮನೆತನದಲ್ಲೇ ಮೊದಲಿಗರಾಗಿ. ಹೊತ್ತು ಕಳೆಯಲು ಯಾರೂ ದಿನಾ ಎರಡು ಬಸ್ ಬದಲಿಸುವುದಿಲ್ಲ.

ನಂಬಿಕೆ: ಚಿಕ್ಕ ಊರಿನ ಕಾಲೇಜಿಗೆ ಬೆಲೆಯಿಲ್ಲ.

ಪಠ್ಯ, ಪರೀಕ್ಷೆ, ಪದವಿ ಪತ್ರ ವಿಶ್ವವಿದ್ಯಾಲಯದ್ದು. ಈ ಭಾಗದ ಸರ್ಕಾರಿ ಕಾಲೇಜುಗಳಿಗೆ ಅದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಪದವಿಯ ಮೇಲೆ ಊರಿನ ಗಾತ್ರ ಅಚ್ಚಾಗುವುದಿಲ್ಲ. ನರಸಿಂಹಯ್ಯನವರ ನ್ಯಾಷನಲ್ ಎಜುಕೇಷನ್ ಸೊಸೈಟಿ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆದದ್ದೂ ಇಲ್ಲಿನ ಮಕ್ಕಳು ಇಲ್ಲೇ ಓದಲೆಂದೇ. ತರಗತಿ ಚಿಕ್ಕದಾದರೆ ಮೇಷ್ಟ್ರಿಗೆ ಹೆಸರು ಹಿಡಿದು ಕರೆಯಲು ಬರುತ್ತದೆ, ಪ್ರಶ್ನೆ ಕೇಳಲು ಹುಡುಗರಿಗೆ ಸಂಕೋಚವಿರುವುದಿಲ್ಲ. ಅಮೆರಿಕದ ಸಣ್ಣ ಕಾಲೇಜುಗಳು ಇದೇ ಸೌಕರ್ಯವನ್ನು ಭಾರಿ ಶುಲ್ಕಕ್ಕೆ ಮಾರುತ್ತವೆ.

ಆದರೆ ಚಿಕ್ಕದಾದ ಮಾತ್ರಕ್ಕೆ ಚೆನ್ನಾಗಿರುತ್ತದೆ ಎಂದೂ ನಂಬಬೇಡಿ. ಸರ್ಕಾರಿ ಕಾಲೇಜುಗಳ ಪಾಠ ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರ ನೇಮಕ ತಡವಾದರೆ ಸೆಮಿಸ್ಟರ್ ಅರ್ಧ ಕರಗಿಹೋಗುತ್ತದೆ. ಪರೀಕ್ಷೆಯ ಹಿಂದಿನ ವಾರ ಗೈಡ್ ಕೊಂಡು, ಹತ್ತು ಪ್ರಶ್ನೆ ಉರುಹೊಡೆದು ಪಾಸಾದವರಿಗೆ ಮೇಲೆ ಹೇಳಿದ ಯಾವ ಲಾಭವೂ ಇಲ್ಲ. ಅಂಥ ಬಿ.ಎ. ಬಗ್ಗೆ ಚಿಕ್ಕಪ್ಪನ ಮಾತೇ ಸರಿ.

ಆದ್ದರಿಂದ ಅರ್ಜಿ ತುಂಬುವ ಮೊದಲು ಮಗನನ್ನೋ ಮಗಳನ್ನೋ ಕರೆದುಕೊಂಡು ಒಂದು ಸಲ ಕಾಲೇಜಿಗೆ ಹೋಗಿ ಬನ್ನಿ. ಕಟ್ಟಡ ಬಿಡಿ. ಕಾಯಂ ಉಪನ್ಯಾಸಕರು ಎಷ್ಟು ಜನ, ಲೈಬ್ರರಿ ಎಷ್ಟು ಹೊತ್ತು ತೆರೆದಿರುತ್ತದೆ, ಹುಡುಗರ ಕೈಗೆ ಪುಸ್ತಕ ಕೊಡುತ್ತಾರಾ, ಪರೀಕ್ಷೆಯ ಹೊರಗೆ ವರ್ಷಕ್ಕೆ ಏನಾದರೂ ಬರೆಸುತ್ತಾರಾ ಎಂದು ವಿಚಾರಿಸಿ. ಅಲ್ಲಿ ಓದುತ್ತಿರುವ ಇಬ್ಬರು ಹುಡುಗರನ್ನು ಮಾತಾಡಿಸಿ. ಉತ್ತರ ಸಮಾಧಾನ ತಂದರೆ ಧೈರ್ಯವಾಗಿ ಸೇರಿಸಿ. ತರದಿದ್ದರೆ ಬೇರೆ ಕಾಲೇಜು ನೋಡಿ. ಬಿ.ಎ. ಬಿಡಿಸಬೇಡಿ.